ಇಲಿ ತಾನೇ ಅಂತ ಸುಮ್ಮನಿರಬೇಡಿ!

"ಅಯ್ಯೋ, ಒಂದು ಇಲಿ ತಾನೇ!" ಅನ್ನುವವರು ನೈಜೀರಿಯಾದ ಕಥೆ ಕೇಳಬೇಕು. 1969ರಲ್ಲಿ ಅಲ್ಲಿನ ಲಾಸಾ ಎಂಬ ಊರಿನಲ್ಲಿ ಪತ್ತೆಯಾದ ವೈರಸ್ ಜ್ವರ ಹರಡುವುದೇ ಇಲಿಗಳಿಂದ. ಇಲಿಯ ಮೂತ್ರ, ಹಿಕ್ಕೆ ಬಿದ್ದ ಆಹಾರ, ಪಾತ್ರೆಗಳಿಂದ ಸೋಂಕು ಅಂಟುತ್ತೆ. ಒಣ ಹವೆಯ ತಿಂಗಳುಗಳಲ್ಲಿ ಹಾವಳಿ ಜಾಸ್ತಿ. 2018ರಲ್ಲಿ ಖಚಿತಪಟ್ಟ 633 ರೋಗಿಗಳಲ್ಲಿ 171 ಮಂದಿ ತೀರಿಕೊಂಡರು.

ಸೋಂಕು ತಗುಲಿದ ಹೆಚ್ಚಿನವರಿಗೆ ಬರೀ ಸಣ್ಣ ಜ್ವರ, ಸುಸ್ತು. ಮಲೇರಿಯಾ ಇರಬಹುದು ಅಂತ ತಡ ಮಾಡಿದರೆ ಅಪಾಯ. ಬದುಕುಳಿದ ಕೆಲವರಿಗೆ ಕಿವಿಯೇ ಕೇಳಿಸದು. ತುಂಬು ಗರ್ಭಿಣಿಯರಲ್ಲಂತೂ ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು.

ನಮ್ಮಲ್ಲಿನ ಇಲಿ ಜ್ವರ ಬೇರೆ, ಅದು ಬ್ಯಾಕ್ಟೀರಿಯಾದ್ದು. ಆದರೂ ಪಾಠ ಒಂದೇ: ಕಾಳುಕಡಿ ಬಿಗಿ ಮುಚ್ಚಳದ ಡಬ್ಬಿಯಲ್ಲಿರಲಿ, ಮುಸುರೆ ಪಾತ್ರೆ ರಾತ್ರಿಯೇ ತೊಳೆದಿಡಿ, ಜ್ವರ ಇಳಿಯದಿದ್ದರೆ ಕಷಾಯ ನಂಬಿ ಕೂರದೆ ಡಾಕ್ಟರ ಹತ್ತಿರ ಹೋಗಿ.