ಕಾವಲು ನಾಯಿಯೂ ಖಾಸಗಿ ತರಬೇತುದಾರರೂ



ಅಡಿಕೆ ಸುಲಿಯುವ ಕಾಲ ಬಂತೆಂದರೆ ಸಂಘದ ಕಛೇರಿಗೆ ಬರುವವರ ಬಾಯಲ್ಲಿ ಎರಡೇ ಮಾತು: ಒಂದು ಧಾರಣೆ, ಇನ್ನೊಂದು ಕಳವು. ಬೇಯಿಸಿ ಕಣದಲ್ಲಿ ಹರವಿದ ಅಡಿಕೆ ಬೆಳಗಾಗುವುದರೊಳಗೆ ಮಾಯವಾದ ಕಥೆಯನ್ನು ಕೇಳದ ಬೆಳೆಗಾರರು ನಮ್ಮಲ್ಲಿ ಇಲ್ಲ. ಆದ್ದರಿಂದ ಹಲವರು ನಾಯಿ ತಂದಿದ್ದಾರೆ. ಅದನ್ನು ಪಳಗಿಸಲು ದಾವಣಗೆರೆ, ಹರಿಹರಗಳಲ್ಲಿ ಹಣ ಪಡೆದು ತರಬೇತಿ ಕೊಡುವವರನ್ನು ಹುಡುಕಿಕೊಂಡು ಹೋಗುತ್ತಿದ್ದಾರೆ. ಇಂಥವರೊಡನೆ ವ್ಯವಹರಿಸುವ ಬಗೆಯನ್ನು ನಾನು ಪೆಟ್ಟು ತಿಂದು ಕಲಿತವನಾದ್ದರಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೂರು ವರ್ಷಗಳ ಹಿಂದೆ ನನ್ನ ಅಲ್ಸೇಷನ್ ನಾಯಿಯನ್ನು ಒಬ್ಬ ತರಬೇತುದಾರರ ಅಂಗಳದಲ್ಲಿ ಎರಡು ತಿಂಗಳು ಬಿಟ್ಟಿದ್ದೆ. ಕರೆತರಲು ಹೋದಾಗ ಅದು ಕೂತಿತು, ನಿಂತಿತು, ಕೈ ಕೊಟ್ಟಿತು. ನಾನು ಸಂತೋಷದಿಂದ ಬಾಕಿ ಹಣ ಎಣಿಸಿದೆ. ತೋಟಕ್ಕೆ ತಂದ ಮೂರನೆಯ ದಿನ, ಬೆಳಗಿನ ಜಾವ ನಾಲ್ಕಕ್ಕೆ, ಸುಲಿಯುವ ಹೆಂಗಸರು ತಲೆಗೆ ಬಟ್ಟೆ ಸುತ್ತಿಕೊಂಡು, ಕೈಯಲ್ಲಿ ಬ್ಯಾಟರಿ ಹಿಡಿದು ಬಂದರು. ನಾಯಿ ಹಗ್ಗ ಕಿತ್ತುಕೊಂಡು ಹೋಗಿ ಒಬ್ಬಾಕೆಯ ಮೀನಖಂಡಕ್ಕೆ ಬಾಯಿ ಹಾಕಿತು. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಕಾಲು ಗಂಟೆ ಗಾಯ ತೊಳೆದು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆವು. ಚುಚ್ಚುಮದ್ದಿನ ಸರಣಿಯನ್ನೂ ಪೂರ್ತಿ ಮಾಡಿಸಿದೆವು. ಆಕೆಗೆ ಮೂರು ವಾರ ಕೆಲಸಕ್ಕೆ ಬರಲಾಗಲಿಲ್ಲ. ಕೂಲಿ ಕೊಟ್ಟೆ, ಅದರಿಂದ ಮುಖ ತೊಳೆದಂತಾಗಲಿಲ್ಲ. "ಯಜಮಾನ್ರೇ, ನಾಯಿ ಇದ್ರೆ ನಾವು ಬರಲ್ಲ" ಎಂದು ಉಳಿದವರು ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ತರಬೇತುದಾರರನ್ನು ಕೇಳಿದರೆ, "ನಮ್ಮಲ್ಲಿದ್ದಾಗ ಸರಿಯಾಗಿಯೇ ಇತ್ತಲ್ಲ" ಎಂದರು. ಆ ಮಾತು ಸುಳ್ಳಲ್ಲ. ನಾಯಿ ಆಜ್ಞೆಯನ್ನು ಮಾತ್ರ ಕಲಿಯುವುದಿಲ್ಲ. ಜಾಗ, ಹೇಳುವ ಮನುಷ್ಯ, ದನಿ, ಹೊತ್ತು ಇವೆಲ್ಲವನ್ನೂ ಒಟ್ಟಾಗಿ ಕಲಿಯುತ್ತದೆ. ಪಟ್ಟಣದ ಸಿಮೆಂಟು ಅಂಗಳದಲ್ಲಿ ಒಬ್ಬರ ದನಿಗೆ ಕೂರುವ ನಾಯಿ, ತೋಟದ ಕತ್ತಲಲ್ಲಿ ನನ್ನ ದನಿಗೆ ಕೂರಬೇಕಾದರೆ ಅಲ್ಲಿಯೇ, ನನ್ನಿಂದಲೇ ಮತ್ತೆ ಕಲಿಯಬೇಕು. ಅಡಿಕೆ ತೋಟವೆಂದರೆ ವರ್ಷವಿಡೀ ಹೊಸಬರು ಬರುವ ಜಾಗ. ಖೇಣಿದಾರರ ಆಳುಗಳು, ದೋಟಿ ಹಿಡಿದ ಕೊಯ್ಲಿನವರು, ಗೊಬ್ಬರದ ಲಾರಿಯವರು ಯಾರೂ ನಾಯಿಗೆ ಪರಿಚಿತರಲ್ಲ. ಕಂಡವರ ಮೇಲೆ ಹಾರುವ ನಾಯಿ ಇಲ್ಲಿ ಕಾವಲಿಗೆ ಬರುವುದಿಲ್ಲ. ಬೊಗಳಿ ನಮ್ಮನ್ನು ಎಬ್ಬಿಸಿ, ಕರೆದರೆ ಹಿಂದಕ್ಕೆ ಬರುವ ನಾಯಿ ಬೇಕು.

ಪೋಲೀಸರ ಕ್ರಮವನ್ನು ನೋಡಿ. 2020ರ ಜುಲೈಯಲ್ಲಿ ಚನ್ನಗಿರಿ ತಾಲ್ಲೂಕಿನ ಕೊಲೆಯೊಂದರ ತನಿಖೆಯಲ್ಲಿ ದಾವಣಗೆರೆ ಪೋಲೀಸರ ಡಾಬರ್‌ಮನ್ ನಾಯಿ 'ತುಂಗಾ' ವಾಸನೆ ಹಿಡಿದು ಸುಮಾರು 12 ಕಿಲೋಮೀಟರ್ ಓಡಿ ಆರೋಪಿಯ ಸುಳಿವು ಕೊಟ್ಟದ್ದು ನಾಡಿಗೆಲ್ಲ ಸುದ್ದಿಯಾಯಿತು. ಅಂಥ ನಾಯಿಯನ್ನು ನೋಡಿಕೊಳ್ಳುವ ಸಿಬ್ಬಂದಿಯೂ ಅದರೊಡನೆಯೇ ತರಬೇತಿ ಪಡೆದಿರುತ್ತಾರೆ. ಒಬ್ಬರು ಕಲಿಸಿ ಇನ್ನೊಬ್ಬರ ಕೈಗೆ ಹಗ್ಗ ಕೊಟ್ಟು ಮರೆಯುವ ಪದ್ಧತಿ ಅಲ್ಲಿ ಇಲ್ಲ.

ಎರಡನೆಯ ಸಲ ನಾನು ಗೊತ್ತುಮಾಡಿದವರು ಹರಿಹರದ ಕಡೆಯವರು. ವಾರಕ್ಕೆರಡು ದಿನ ಅವರೇ ತೋಟಕ್ಕೆ ಬಂದರು. ಮೊದಲ ದಿನ ನಾಯಿಯನ್ನು ಮುಟ್ಟಲೇ ಇಲ್ಲ. ನಮ್ಮ ಮನೆಯವರೆಲ್ಲರನ್ನೂ ಸಾಲಾಗಿ ನಿಲ್ಲಿಸಿ, ನಾಯಿಯನ್ನು ಕೂರಿಸಲು ಏನು ಹೇಳುತ್ತೀರಿ ಎಂದು ಕೇಳಿದರು. ನಾನು "ಕುಂದ್ರು" ಎಂದೆ, ನನ್ನಾಕೆ "ಕೂತ್ಕೋ" ಎಂದಳು, ಮಗ "ಸಿಟ್" ಎಂದ, ರೈಟರು ಬರೀ ಗದರಿದರು. "ಸಾರ್, ನಾಯಿ ಯಾರ ಮಾತು ಕೇಳ್ಬೇಕು?" ಎಂದು ಅವರು ನಕ್ಕಾಗ ನಮಗೂ ನಗು ಬಂತು. ಅಂದಿನಿಂದ ಒಂದೇ ಮಾತು.

ಆಮೇಲೆ ಹಗ್ಗ ನನ್ನ ಕೈಯಲ್ಲಿ, ಅವರು ಪಕ್ಕದಲ್ಲಿ. ಹರಿಹರದ ಹೊಳೆದಂಡೆಯಲ್ಲಿ ಜನರ ನಡುವೆ ನಡೆಸಿದೆವು, ದಾವಣಗೆರೆಯ ಮಾರುಕಟ್ಟೆ ಪ್ರಾಂಗಣದ ಅಂಚಿನಲ್ಲಿ ಹಮಾಲರು ಮೂಟೆ ಹೊರುವುದನ್ನು ದೂರದಿಂದ ತೋರಿಸುತ್ತ ಕೂರಿಸಿದೆವು. ಸುಲಿಯುವವರು ದೂರದಲ್ಲಿ ಕಾಣಿಸಿದೊಡನೆ ನನ್ನ ಕೈಯಿಂದ ಒಂದು ತುಂಡು ರೊಟ್ಟಿ. ದಿನಕ್ಕಿಷ್ಟು ಹತ್ತಿರ, ಮತ್ತೊಂದು ತುಂಡು. ಅವರ ಕೈಯಿಂದ ಮಾತ್ರ ತಿನ್ನಿಸಲಿಲ್ಲ. ಕಳ್ಳರು ಎಸೆಯುವ ವಿಷದ ಮಾಂಸವೂ ಯಾರದೋ ಕೈಯಿಂದಲೇ ಬರುತ್ತದೆ. "ಬಿಡು" ಎಂದರೆ ಬಾಯಿಗೆ ಬಂದದ್ದನ್ನು ಬಿಡುವ ಪಾಠಕ್ಕೆ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು. ಬಸವನಹುಳುವಿಗೆ ಮೆಟಾಲ್ಡಿಹೈಡ್ ಗುಳಿಗೆ ಇಡುವ ಕಾಫಿ, ಅಡಿಕೆ ತೋಟಗಳವರು ಈ ಪಾಠವನ್ನು ಬಿಡಲೇಬಾರದು. ಆ ಗುಳಿಗೆ ನಾಯಿಗೆ ರುಚಿ, ತಿಂದರೆ ನಡುಕ ಹಿಡಿದು ಸಾಯುತ್ತದೆ.

ಇನ್ನು, "ನಾಯಿಗೆ ಯಜಮಾನ ಯಾರೆಂದು ತೋರಿಸಬೇಕು" ಎಂದು ನೆಲಕ್ಕೆ ಒತ್ತಿ ಹಿಡಿಯುವ, ಹೊಡೆಯುವ ತರಬೇತುದಾರರೂ ಇದ್ದಾರೆ. ಇದರ ಬೇರು 1947ರಲ್ಲಿ ಶೆಂಕೆಲ್ ಎಂಬ ವಿಜ್ಞಾನಿ ಪ್ರಕಟಿಸಿದ, ಬೋನಿನಲ್ಲಿ ಕೂಡಿಹಾಕಿದ ತೋಳಗಳ ಅಧ್ಯಯನದಲ್ಲಿದೆ. ಕಾಡಿನ ತೋಳಗಳನ್ನು ದಶಕಗಳ ಕಾಲ ನೋಡಿದ ಅಮೆರಿಕದ ಡೇವಿಡ್ ಮೀಚ್, ತೋಳದ ಹಿಂಡೆಂದರೆ ಅಪ್ಪ, ಅಮ್ಮ, ಮರಿಗಳ ಸಂಸಾರವೇ ಎಂದು 1999ರಲ್ಲಿ ಬರೆದರು. ಗುರ್ರೆಂದದ್ದಕ್ಕೆ ಪೆಟ್ಟು ತಿಂದ ನಾಯಿ ಗುರ್ರೆನ್ನುವುದನ್ನು ಬಿಡಬಹುದು, ಕಚ್ಚುವುದನ್ನು ಬಿಡುತ್ತದೆಂಬ ಭರವಸೆಯಿಲ್ಲ. ಎಚ್ಚರಿಕೆ ಕೊಡದೆ ಕಚ್ಚುವ ನಾಯಿಗಿಂತ ಅಪಾಯದ ವಸ್ತು ತೋಟದಲ್ಲಿ ಬೇರೊಂದಿಲ್ಲ.

ಮುಧೋಳ ನಾಯಿಯ ವಿಚಾರ ಕೆಲವರು ಕೇಳಿದ್ದಾರೆ. ಮುಧೋಳ ತಾಲ್ಲೂಕಿನ ತಿಮ್ಮಾಪುರದ ಸಂಶೋಧನಾ ಕೇಂದ್ರದ ಮರಿಗಳನ್ನು ಸೈನ್ಯವೂ 2016ರಲ್ಲಿ ಮೀರತ್ತಿಗೆ ಒಯ್ದು ತರಬೇತಿ ಕೊಟ್ಟಿತು. ಆದರೆ ಅದು ಮೂಲತಃ ಕಣ್ಣಿಗೆ ಕಂಡದ್ದನ್ನು ಬೆನ್ನಟ್ಟುವ ಬೇಟೆನಾಯಿ. ಓಡಲು ಬಯಲಿಲ್ಲದವರು ಯೋಚಿಸಿ ತರುವುದು ಒಳ್ಳೆಯದು.

ಹಣ ಕೊಡುವ ಮುನ್ನ ತರಬೇತುದಾರರು ಬೇರೊಂದು ನಾಯಿಗೆ ಪಾಠ ಹೇಳುವುದನ್ನು ಒಂದು ಗಂಟೆ ಕೂತು ನೋಡಿ. ನೋಡಗೊಡದವರ ಹತ್ತಿರ ಬಿಡಬೇಡಿ. ರೇಬೀಸ್ ಲಸಿಕೆಯ ಚೀಟಿ ಕೇಳದೆಯೇ ನಾಯಿಯನ್ನು ಒಳಗೆ ಸೇರಿಸಿಕೊಳ್ಳುವವರ ಹತ್ತಿರವೂ ಬೇಡ. ಹಗಲಿಡೀ ಸರಪಳಿಯಲ್ಲಿಟ್ಟರೆ ನಾಯಿ ಚುರುಕಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿಯೂ ಉಂಟು. ಹಾಗೆ ಕಟ್ಟಿಹಾಕಿ ಅಡ್ಡಾಡಿಸದೆ ಇರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನಂತೆ ಅಪರಾಧ.

ಕಚ್ಚಿಸಿಕೊಂಡ ಆ ಹೆಣ್ಣುಮಗಳು ಮರುವರ್ಷದ ಸುಲಿತಕ್ಕೆ ಬಂದಳು. ಅವಳು ಬಂದರೆ ನಾಯಿ ಈಗ ಬಾಲ ಆಡಿಸಿ ಸುಮ್ಮನೆ ಮಲಗುತ್ತದೆ. ಅವಳು ಮಾತ್ರ ಇಂದಿಗೂ ಬೇಯಿಸುವ ಹಂಡೆಯ ಆಚೆ ಬದಿಗೇ ಕೂರುತ್ತಾಳೆ. ಈಚೆಗೆ ಬಾ ಎಂದು ನಾನು ಹೇಳಿಲ್ಲ.

— ಕಾರ್ಯದರ್ಶಿ