ಬೆಳ್ಳಗಿರುವುದೆಲ್ಲ ಹಾಲಲ್ಲ: ಕೋವಿ ಅಸಲಿಯೋ, ಮಾರ್ಪಾಟಿನದೋ?

"ಮಿಲಿಟರಿ ಮಾಲು ಸ್ವಾಮಿ! ಫ್ಯಾಕ್ಟರಿಯಿಂದ ಬಂದ ಹಾಗೇ ಇದೆ. ಒಂದು ಸ್ಕ್ರೂ ಕೂಡ ಬದಲಾಗಿಲ್ಲ!"

ಹಳೇ ರೈಫಲ್ ಕೈಬದಲಾಗುವ ಕಡೆಯಲ್ಲೆಲ್ಲ ಕೇಳಿಬರುವ ಮಾತು ಇದು. ಅದು ಅಮೆರಿಕದ ಸಂಗ್ರಹಕಾರರ ಸಂತೆಯಾಗಲಿ, ಕೊಡಗಿನ ತೋಟದ ಮನೆಯ ಜಗಲಿಯಾಗಲಿ, ಮಾರುವವನ ಬಾಯಿ ಒಂದೇ. ಆದರೆ ನಂಬಿ ಕೆಟ್ಟವನ ಪಾಡು ಮಾತ್ರ ಬೇರೆ ಬೇರೆ. ಅಲ್ಲಿ ಮೋಸಹೋದರೆ ದುಡ್ಡು ಹೋಯಿತು ಅಂತ ಕೈತೊಳೆದುಕೊಳ್ಳಬಹುದು. ಇಲ್ಲಿ ಮೋಸಹೋದರೆ ಪೊಲೀಸ್ ಠಾಣೆ, ಕೋರ್ಟು, ವಕೀಲರ ಫೀಸು ಎಲ್ಲವೂ ಹಿಂದೆಯೇ ಬರುತ್ತವೆ.

ಕೊಡಗಿನ ಮನೆಗಳಲ್ಲಿ ಕೋವಿ ಹೊಸದಲ್ಲ. ಕೈಲ್‌ಪೊಳ್ದ್‌ಗೆ ತೋಕ್ ಪೂ ಮುಡಿಸಿ ಪೂಜೆ ಮಾಡುವ ಮನೆತನಗಳು ಎಷ್ಟೋ. 1861ರಲ್ಲಿ ಬ್ರಿಟಿಷರ ಕಾಲದಲ್ಲಿ ಸಿಕ್ಕ ವಿನಾಯಿತಿ ಸ್ವಾತಂತ್ರ್ಯದ ನಂತರವೂ ಮುಂದುವರಿದಿದೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ಬೇಕಿಲ್ಲವೆಂಬ ಆ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಯ ಮೇಲೆ 2021ರಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನೇ ಎತ್ತಿಹಿಡಿಯಿತು.

"ಹಾಗಾದರೆ ನಮಗೇನ್ರೀ ಭಯ?" ಅನ್ನುವವರುಂಟು. ಭಯ ಇದೆ! ವಿನಾಯಿತಿ ಸಿಕ್ಕಿರುವುದು ಲೈಸೆನ್ಸಿನಿಂದ ಮಾತ್ರ. ಕೋವಿಯ ಸ್ವರೂಪ ಬದಲಿಸಲಿಕ್ಕಾಗಲಿ, ಅದರ ನಂಬರು ಅಳಿಸಲಿಕ್ಕಾಗಲಿ ಯಾರಿಗೂ ವಿನಾಯಿತಿ ಇಲ್ಲ.

ಇಶಾಪುರದ ಅಣ್ಣತಮ್ಮಂದಿರು

ಗೊಂದಲ ಹುಟ್ಟುವುದೇ ಮುಖಚಹರೆಯಿಂದ. ಎರಡು ಮಹಾಯುದ್ಧಗಳಲ್ಲಿ ಬ್ರಿಟಿಷ್ ಸೈನ್ಯ, ಭಾರತೀಯ ಸೈನ್ಯ ಎರಡೂ ಹೊತ್ತದ್ದು .303 ಲೀ-ಎನ್‌ಫೀಲ್ಡ್ ರೈಫಲ್. ಕಲ್ಕತ್ತೆಯ ಹತ್ತಿರದ ಇಶಾಪುರದ ಕಾರ್ಖಾನೆ ನಮ್ಮ ದೇಶದಲ್ಲಿ ಅದನ್ನು ತಯಾರಿಸಿತು. ಸೈನ್ಯ ಬಿಟ್ಟ ಮೇಲೂ ಪೊಲೀಸರ ಹೆಗಲ ಮೇಲೆ ಅದು ದಶಕಗಟ್ಟಲೆ ಇತ್ತು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ಬೀಳ್ಕೊಡುಗೆ ಕೊಟ್ಟದ್ದು 2020ರ ಜನವರಿ 26ರ ಕವಾಯತಿನಲ್ಲಿ.

ಈ .303ಗೆ ಒಂದೇ ಮೋರೆಯ ಅಣ್ಣತಮ್ಮಂದಿರು ಹಲವರು. ಮೂವರನ್ನು ಗುರುತಿಟ್ಟುಕೊಂಡರೆ ಸಾಕು.

ಒಂದು, .315 ಬೇಟೆ ರೈಫಲ್. ಬೋಲ್ಟು, ಒಳಗಿನ ಯಂತ್ರ ಎಲ್ಲ ಲೀ-ಎನ್‌ಫೀಲ್ಡ್ ಮಾದರಿಯೇ. ಆದರೆ ತೋಟಾ ಬೇರೆ. ಸೈನ್ಯದ ತೋಟಾ ನುಂಗುವ .303 ಸಾಮಾನ್ಯ ನಾಗರಿಕರ ಲೈಸೆನ್ಸಿಗೆ ಬರುವಂಥದಲ್ಲ. ರೂಢಿಯಲ್ಲಿ ಅದನ್ನು 'ಪ್ರೊಹಿಬಿಟೆಡ್ ಬೋರ್' ಅನ್ನುತ್ತಾರೆ. ಸರಕಾರಿ ಕಾರ್ಖಾನೆಯಲ್ಲೇ ನಾಗರಿಕರಿಗಾಗಿ ಹುಟ್ಟಿದ .315 ಒಂದು, ಯಾರೋ ನಳಿಗೆ ಬದಲಿಸಿ .315 ಅಂತ ಹೆಸರಿಟ್ಟ .303 ಇನ್ನೊಂದು. ದೂರದಿಂದ ನೋಡಿದರೆ ಎರಡೂ ಒಂದೇ. ಕಾನೂನಿನ ಕಣ್ಣಿಗೆ ಅಜಗಜಾಂತರ!

ಎರಡು, .410 ಮಸ್ಕೆಟ್. ಇದು ಪೊಲೀಸರಿಗೂ ಜೈಲು ಕಾವಲಿನವರಿಗೂ ಅಂತ ಮಾಡಿದ್ದು. .303 ರೈಫಲ್ ತೆಗೆದುಕೊಂಡು, ನಳಿಗೆಯೊಳಗಿನ ತಿರುಪು ಗೆರೆ ತೆಗೆದು ನುಣುಪು ಮಾಡಿ, ಮ್ಯಾಗಝಿನ್ ಜಾಗಕ್ಕೆ ಮರದ ತುಂಡು ತುಂಬಿ, ಒಮ್ಮೆಗೆ ಒಂದೇ ತೋಟಾ ಹಿಡಿಯುವ ಹಾಗೆ ಮಾಡಿದರು. ಅದರ ತೋಟಾ ಕೂಡ .303ರ ಚಿಪ್ಪಿನಿಂದಲೇ ಮಾಡಿದ ವಿಶೇಷ ಜಾತಿಯದು. ಕೋವಿ ಕಸಿದುಕೊಂಡವನಿಗೆ ಪೇಟೆಯ ತೋಟಾ ಹೊಂದದಿರಲಿ ಎಂಬ ಹಂಚಿಕೆ.

ಮೂರು, 7.62ರ 2ಎ1. 1962ರ ಚೀನಾ ಯುದ್ಧದ ಬಿಸಿಯಲ್ಲಿ ಯೋಚನೆ ಮೊಳೆತು, ಮೊದಲು 2ಎ ಬಂತು, 1965ರಿಂದ 2ಎ1. "ಹಳೇ .303 ಕೊರೆದು 7.62 ಮಾಡಿದ್ದಾರೆ ಬಿಡ್ರೀ" ಎಂಬ ಮಾತು ವಿದೇಶದಲ್ಲೂ ಹಬ್ಬಿತ್ತು. ಅದು ಸುಳ್ಳು. 7.62 ತೋಟಾದ ಒತ್ತಡ .303ಕ್ಕಿಂತ ಜಾಸ್ತಿ. ಅದಕ್ಕಾಗಿ ಇಶಾಪುರದವರು ಹೆಚ್ಚು ಗಟ್ಟಿಯಾದ ಉಕ್ಕಿನಲ್ಲಿ ಹೊಸದಾಗಿಯೇ ಕಟ್ಟಿದರು. ಹೊಟ್ಟೆಯ ಕೆಳಗಿನ ಮ್ಯಾಗಝಿನ್ ನೋಡಿದರೆ ಗೊತ್ತಾಗುತ್ತದೆ. ಹಳೆಯದರಲ್ಲಿ 10 ತೋಟಾದ ಇಳಿಜಾರು ಪೆಟ್ಟಿಗೆ, ಇದರಲ್ಲಿ 12 ತೋಟಾದ ಚೌಕ ಪೆಟ್ಟಿಗೆ. ದೂರ ಅಳೆಯುವ ಹಿಂದಿನ ಗುರಿಪಟ್ಟಿ 800 ಮೀಟರ್‌ಗೆ ನಿಲ್ಲುತ್ತದೆ.

ನೋಡಿ ವಿಚಿತ್ರ! ಮಾರ್ಪಾಟಿನದೆಂದು ಜನ ಹೀಗಳೆದ 2ಎ1 ಅಪ್ಪಟ ಫ್ಯಾಕ್ಟರಿ ಮಾಲು. ಮಸ್ಕೆಟ್ ಮಾರ್ಪಾಟಿನದೇ ಹೌದು, ಆದರೆ ಮಾರ್ಪಡಿಸಿದ್ದೂ ಕಾರ್ಖಾನೆಯೇ. ಅದಕ್ಕೂ ಮುದ್ರೆ ಉಂಟು, ದಾಖಲೆ ಉಂಟು. ಅಮೆರಿಕ ಸೇರಿದ ಕೆಲವು ಮಸ್ಕೆಟ್‌ಗಳನ್ನು ಅಲ್ಲಿನವರು ಪೇಟೆಯ .410 ತೋಟಾ ಹಿಡಿಯುವಂತೆ ಮತ್ತೊಮ್ಮೆ ಕೊರೆದರು. ಆ ಎರಡನೇ ಮಾರ್ಪಾಟಿಗೆ ಇಶಾಪುರ ಹೊಣೆಯಲ್ಲ. ಆದ್ದರಿಂದ 'ಮಾರ್ಪಾಟಾಗಿದೆಯೇ' ಎಂದು ಕೇಳಿದರೆ ಸಾಲದು. ಯಾರು ಮಾಡಿದರು, ಎಲ್ಲಿ ಮಾಡಿದರು, ಮೈಮೇಲೆ ಬರೆದಿದ್ದಾರೆಯೇ ಎಂದೂ ಕೇಳಬೇಕು.

ಜಂಗಲ್ ಕಾರ್ಬೈನ್ ಎಂಬ ಟೋಪಿ

ವಿದೇಶದ ಸಂಗ್ರಹಕಾರರು ಟೋಪಿ ಹಾಕಿಸಿಕೊಳ್ಳುವ ಇನ್ನೊಂದು ಮಾಲು 'ಜಂಗಲ್ ಕಾರ್ಬೈನ್'. ಇಂಗ್ಲೆಂಡಿನಲ್ಲಿ 1944ರಿಂದ 1947ರವರೆಗೆ ತಯಾರಾದ ನಂಬರ್ 5 ರೈಫಲ್ ಇದು. ಕಾಡಿನ ಯುದ್ಧಕ್ಕೆಂದು ಹಗುರ ಮಾಡಿದ್ದು. ಗಿಡ್ಡ ನಳಿಗೆ, ತುದಿಯಲ್ಲಿ ಬೆಂಕಿ ಮರೆಮಾಡುವ ಆಲಿಕೆಯಂಥ ಟೊಪ್ಪಿಗೆ, ಹಿಂದೆ ರಬ್ಬರಿನ ಪಟ್ಟಿ.

ಅಸಲಿ ಕಡಿಮೆ, ಬೇಡಿಕೆ ಜಾಸ್ತಿ. ಉದ್ದನೆಯ ನಂಬರ್ 4 ರೈಫಲ್ ಕತ್ತರಿಸಿ, ಟೊಪ್ಪಿಗೆ ಸಿಕ್ಕಿಸಿ, 'ಇಗೋ ಜಂಗಲ್ ಕಾರ್ಬೈನ್' ಅನ್ನುವವರು ಹುಟ್ಟಿಕೊಂಡರು. ಹೊರಗಿನ ವೇಷ ಸರಿಯಾಗಿಯೇ ಇರುತ್ತದೆ. ಗುಟ್ಟು ಬಯಲಾಗುವುದು ಮರದ ಹೊದಿಕೆ ಎತ್ತಿದಾಗ. ಅಸಲಿಯಲ್ಲಿ ತೂಕ ಇಳಿಸಲಿಕ್ಕೆಂದು ನಳಿಗೆಯ ಬುಡದಲ್ಲೂ ಯಂತ್ರದ ಮೈಯಲ್ಲೂ ಕಾರ್ಖಾನೆಯವರೇ ಲೋಹ ಕೆತ್ತಿ ತೆಗೆದಿರುತ್ತಾರೆ. ನಕಲಿ ಮಾಡುವವನು ಕಣ್ಣಿಗೆ ಕಾಣದ ಆ ಕೆಲಸಕ್ಕೆ ಹೋಗುವುದು ಅಪರೂಪ. ಅಸಲಿಯ ಟೊಪ್ಪಿಗೆ ಪಿನ್ನಿನಲ್ಲಿ ಕೂತಿರುತ್ತದೆ, ಎಷ್ಟೋ ನಕಲಿಯದು ಬರೀ ಸ್ಕ್ರೂ ಮೇಲೆ. ಅಸಲಿಯ ಗುರಿಪಟ್ಟಿ 800 ಗಜಕ್ಕೆ ಮುಗಿಯುತ್ತದೆ. 1300 ಕಂಡರೆ ಅದು ನಂಬರ್ 4ರಿಂದ ಬಂದ ಪಟ್ಟಿ!

ಮೈಮೇಲಿನ ಜಾತಕ

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಕೋವಿಗೂ ಅದೇ ಮಾತು. ಇಶಾಪುರದ ಹಳೇ ರೈಫಲ್‌ನಲ್ಲಿ ಮರದ ಹಿಡಿಯ ಕುತ್ತಿಗೆಯ ಹತ್ತಿರ, ಬಲಗಡೆ ಲೋಹದ ಮೇಲೆ ಕಿರೀಟ, ಜಿ.ಆರ್.ಐ. ಅಕ್ಷರ, ಕಾರ್ಖಾನೆಯ ಹೆಸರು, ಇಸವಿ, ಮಾದರಿ ಇರುತ್ತವೆ. ಸ್ವಾತಂತ್ರ್ಯದ ನಂತರದವುಗಳಲ್ಲಿ ಕಿರೀಟ ಹೋಗಿ ಅಶೋಕ ಸಿಂಹ ಬಂತು, ಆರ್.ಎಫ್.ಐ. ಎಂಬ ಮುದ್ರೆ ಬಂತು.

ಇನ್ನು ನಂಬರು. ಯಂತ್ರದ ಮೈ, ಬೋಲ್ಟಿನ ಹಿಡಿ, ನಳಿಗೆ ಎಲ್ಲದರ ಮೇಲೂ ಒಂದೇ ನಂಬರು ಇದ್ದರೆ ಸಂಸಾರ ಒಟ್ಟಿಗಿದೆ ಅಂತ ಅರ್ಥ. ಬೋಲ್ಟಿನದೊಂದು, ನಳಿಗೆಯದೊಂದು ಆದರೆ ಬಿಡಿಭಾಗ ಕೂಡಿಸಿದ್ದು. ಅದು ಸೈನ್ಯದ ರಿಪೇರಿಯೂ ಇರಬಹುದು, ಮೋಸವೂ ಇರಬಹುದು. ಅನುಮಾನವಂತೂ ಬರಲೇಬೇಕು. ನಂಬರಿನ ಸುತ್ತ ಲೋಹ ತಗ್ಗಾಗಿದೆಯೇ? ಒಂದು ಅಂಕಿ ಆಳ, ಇನ್ನೊಂದು ತೇಲಾಗಿದೆಯೇ? ಇಡೀ ಕೋವಿ ಹಳತಾಗಿ ಅಕ್ಷರ ಮಾತ್ರ ಹೊಸದಾಗಿ ಮಿಂಚುತ್ತಿದೆಯೇ? ಆಗ ಬೆಲೆ ಕೇಳುವುದನ್ನು ನಿಲ್ಲಿಸಿ, ಹಿಂದಕ್ಕೆ ಸರಿಯುವುದೇ ಕ್ಷೇಮ.

ಕಾನೂನಿನ ಬಿಸಿ

1959ರ ಆಯುಧ ಕಾಯಿದೆಯ 6ನೇ ಕಲಮು, ಲೈಸೆನ್ಸಿಲ್ಲದೆ ನಳಿಗೆ ಕತ್ತರಿಸಿ ಗಿಡ್ಡ ಮಾಡುವುದನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಒಂದು ವರ್ಗದ ಕೋವಿಯನ್ನು ಇನ್ನೊಂದು ವರ್ಗಕ್ಕೆ ಮಾರ್ಪಡಿಸುವುದನ್ನೂ ಅದೇ ಕಲಮಿಗೆ ಸೇರಿಸಿತು. ನಳಿಗೆ ಕತ್ತರಿಸುವಂಥ ಅಪರಾಧಕ್ಕೆ ಶಿಕ್ಷೆ ಕಡಿಮೆಯೆಂದರೆ 7 ವರ್ಷ, ಹೆಚ್ಚೆಂದರೆ ಜೀವಾವಧಿ.

ಅದಕ್ಕಿಂತ ಸಾಮಾನ್ಯರಿಗೆ ತಟ್ಟುವುದು 8ನೇ ಕಲಮು. ಕೋವಿಯ ಹೆಸರು, ನಂಬರು, ಗುರುತು ಅಳಿಸಬಾರದು, ತಿದ್ದಬಾರದು. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಮಾತು ಮುಂದಿದೆ. ಅಳಿಸಿದ ನಂಬರಿನ ಕೋವಿ ಯಾರ ಬಳಿ ಸಿಕ್ಕಿತೋ ಅವನೇ ಅಳಿಸಿದ ಎಂದು ಕಾನೂನು ಭಾವಿಸಿಕೊಳ್ಳುತ್ತದೆ! ಅಲ್ಲವೆಂದು ರುಜುವಾತು ಮಾಡುವ ಭಾರ ಇಟ್ಟುಕೊಂಡವನದೇ. "ಕೊಂಡಾಗಲೇ ಹೀಗಿತ್ತು ಸ್ವಾಮಿ" ಅನ್ನುವ ಮಾತು ಅಲ್ಲಿ ಸಾಲದು.

ಹಬ್ಬದ ಮುಂಚೆ ಕೋವಿ ಲಕಲಕ ಹೊಳೆಯಲಿ ಅಂತ ಉಪ್ಪುಕಾಗದ ಹಿಡಿದು ಗಸಗಸ ಉಜ್ಜುವ ಹುಡುಗರಿಗೆ ಮನೆಯ ಹಿರಿಯರು ಇದನ್ನು ಹೇಳಬೇಕು. ತುಕ್ಕಿನ ಜತೆ ತಾತನ ಕಾಲದ ನಂಬರೂ ಸವೆದುಹೋದೀತು. ಎಣ್ಣೆ, ಮೆತ್ತನೆ ಬಟ್ಟೆ ಸಾಕು. ಸಂಗ್ರಹಕಾರರ ಲೆಕ್ಕದಲ್ಲೂ ಉಜ್ಜಿ ಹೊಳಪಿಸಿದ ಕೋವಿಗಿಂತ ಮುದ್ರೆ ಸ್ಪಷ್ಟವಾಗಿರುವ ಮಂಕು ಕೋವಿಗೇ ಬೆಲೆ.

ಕೊಳ್ಳುವ ಮುಂಚೆ ಮಾಡಬೇಕಾದ್ದು ಬಹಳವೇನಿಲ್ಲ. ಮಾರುವವನ ಕಾಗದ ಒಂದು ಕೈಯಲ್ಲಿ, ಕೋವಿ ಇನ್ನೊಂದು ಕೈಯಲ್ಲಿ ಇಟ್ಟು ಅಂಕಿ ಅಂಕಿ ಹೋಲಿಸಿ ನೋಡಬೇಕು. ಲೈಸೆನ್ಸುಳ್ಳ ಕೋವಿ ರಿಪೇರಿಯವರಿಂದ ಬೋರ್ ಅಳತೆ ಮಾಡಿಸಬೇಕು. ಅಳತೆ ಆಗುವ ತನಕ 'ಒಂದು ಗುಂಡು ಹೊಡೆದು ನೋಡೋಣ' ಅನ್ನುವ ಚಪಲ ಬೇಡ. ಹೊಂದದ ತೋಟಾ ಹೊಡೆದವನ ಮುಖಕ್ಕೇ ಸಿಡಿದೀತು. ಅನುಮಾನ ಉಳಿದರೆ ಜಿಲ್ಲಾಧಿಕಾರಿ ಕಚೇರಿಯ ಆಯುಧ ಶಾಖೆಯಲ್ಲಿ ಕೇಳಿದ ಮೇಲೆಯೇ ದುಡ್ಡು ಎಣಿಸಬೇಕು.

ಮಾರುವವನು ಸಾವಿರ ಕತೆ ಹೇಳಲಿ. ತಾತ ಬರ್ಮಾದಿಂದ ತಂದದ್ದು ಅನ್ನಲಿ, ದೊರೆ ಇನಾಮು ಕೊಟ್ಟದ್ದು ಅನ್ನಲಿ. ನಾಳೆ ಠಾಣೆಯ ಮೇಜಿನ ಮೇಲೆ ಕೋವಿ ಇಟ್ಟಾಗ ಆ ಕತೆಗಾರ ಸಾಕ್ಷಿಗೆ ಬರುವುದಿಲ್ಲ. ಅಲ್ಲಿ ಮಾತಾಡುವುದು ಕಬ್ಬಿಣದ ಮೇಲಿನ ಅಂಕಿ ಒಂದೇ.