ಅಂಗೈಯೊಳಗಿನ ಹೊಳೆಗೆ ತೂಬು ಬೇಡವೇ?

ಕರ್ನಾಟಕದಿಂದ ಬಂದು ಪುಣೆಯಲ್ಲಿ ನೆಲೆಸಿದ ನಿಮ್ಮ ತಂದೆ-ತಾಯಿಯರಿಗೆ ಊರಿನ ಸುದ್ದಿ ತಲುಪುತ್ತಿದ್ದ ದಾರಿಗಳು ಎರಡು-ಮೂರೇ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ನೀಲಿ ಇನ್‌ಲ್ಯಾಂಡ್ ಪತ್ರ ಒಂದು. ಬೆಳಗಾವಿ, ಹುಬ್ಬಳ್ಳಿ, ವಿಜಾಪುರದ ಕಡೆಯಿಂದ ಬಂದ ನೆಂಟರು ಚಹಾ ಕುಡಿಯುತ್ತ ಹೇಳುತ್ತಿದ್ದ ಸಮಾಚಾರ ಇನ್ನೊಂದು. ಎಸ್‌ಟಿಡಿ ಬೂತುಗಳು ಬಂದ ಮೇಲೆ, ರಾತ್ರಿ ಹನ್ನೊಂದಕ್ಕೆ ದರ ಕಾಲುಭಾಗಕ್ಕಿಳಿಯುವುದನ್ನೇ ಕಾಯ್ದು ಸಾಲಿನಲ್ಲಿ ನಿಂತು ಮಾಡುತ್ತಿದ್ದ ಫೋನು ಮೂರನೆಯದು. ಕಣ್ಣೆದುರಿಗೆ ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದುದರಿಂದ ಮಾತು ತಾನಾಗಿಯೇ ಚಿಕ್ಕದಾಗುತ್ತಿತ್ತು. ‘ಎಲ್ಲಾರೂ ಅರಾಮ ಇದ್ದೀರೇನು? ಅವ್ವನ ಮೊಣಕಾಲು ಹೆಂಗದ? ಮಳಿ ಬಂತೇನು?’ ಇಷ್ಟರಲ್ಲಿ ಊರೆಲ್ಲ ಮುಗಿಯುತ್ತಿತ್ತು.

ಯುವ ಮಿತ್ರರೇ, ನಿಮ್ಮ ತಾಪತ್ರಯ ಇದಕ್ಕೆ ತೀರ ತಿರುವುಮುರುವು. ಕಾತ್ರಜ ಚೌಕದಲ್ಲಿ ಹಿಂಜೆವಾಡಿಯ ಬಸ್ಸಿಗೆ ಕಾಯುತ್ತಿರುವ ಯಾವ ಹುಡುಗ-ಹುಡುಗಿಯ ಮೊಬೈಲನ್ನಾದರೂ ನೋಡಿ (ಕೇಳಿಯೇ ನೋಡಿ, ಇಣುಕುವುದು ಸಭ್ಯತೆಯಲ್ಲ!). ಕಚೇರಿಯ ತಂಡದ ಗುಂಪು ಇಂಗ್ಲಿಷಿನಲ್ಲಿ, ಹೌಸಿಂಗ್ ಸೊಸೈಟಿಯ ಗುಂಪು ಮರಾಠಿಯಲ್ಲಿ, ಅಜ್ಜಿ-ಕಾಕಾ-ಅತ್ತೆಯಂದಿರಿರುವ ಮನೆತನದ ಗುಂಪು ಕನ್ನಡದಲ್ಲಿ. ಇದರ ಮೇಲೆ ಕಾಲೇಜಿನ ಗೆಳೆಯರು, ರಾಜ್ಯೋತ್ಸವ ಸಮಿತಿ, ಲಿಂಕ್ಡ್‌ಇನ್, ಇನ್‌ಸ್ಟಾಗ್ರಾಂ, ಎರಡು-ಮೂರು ಇ-ಮೇಲ್ ವಿಳಾಸ. ನೀರಿನ ಟ್ಯಾಂಕರ್ ಎಷ್ಟು ಗಂಟೆಗೆ ಬರುತ್ತದೆಂಬ ಸೊಸೈಟಿಯ ಸೂಚನೆಯೂ, ಸೋದರಮಾವ ಕಳಿಸಿದ ಶುಭೋದಯದ ಗುಲಾಬಿಯೂ, ಮ್ಯಾನೇಜರರ ತುರ್ತು ಪ್ರಶ್ನೆಯೂ ಒಂದೇ ‘ಟಿಂಗ್’ ಸದ್ದಿನಲ್ಲಿ ಬಂದು ಬೀಳುತ್ತವೆ. ತೊಂದರೆಯ ಬೇರು ಇಲ್ಲಿಯೇ ಇದೆ. ಯಾವ ಸದ್ದಿಗೆ ಎದ್ದು ಹೋಗಬೇಕು, ಯಾವುದು ಸಂಜೆಯವರೆಗೆ ಕಾಯಬಹುದು ಎಂಬುದು ಕಿವಿಗೆ ತಿಳಿಯುವುದಿಲ್ಲ. ಆದ್ದರಿಂದ ಎಲ್ಲಕ್ಕೂ ಎದ್ದು ಹೋಗುತ್ತೇವೆ.

ಈ ರೋಗ ಮೊಬೈಲಿನೊಡನೆ ಹುಟ್ಟಿದ್ದೇನೂ ಅಲ್ಲ. ಅಮೆರಿಕದ ಲೇಖಕ ಆಲ್ವಿನ್ ಟಾಫ್ಲರ್ 1970ರಲ್ಲಿ ಪ್ರಕಟಿಸಿದ ‘ಫ್ಯೂಚರ್ ಶಾಕ್’ ಪುಸ್ತಕದಲ್ಲಿಯೇ ಮಾಹಿತಿಯ ಅತಿಭಾರದ ಪ್ರಸ್ತಾಪವಿದೆ. ಮರುವರ್ಷ ಹರ್ಬರ್ಟ್ ಸೈಮನ್ ಎಂಬ ವಿದ್ವಾಂಸರು (ಇವರಿಗೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು), ಮಾಹಿತಿಯ ಆಹಾರವೇ ಮನುಷ್ಯನ ಗಮನ, ಹಾಗಾಗಿ ಮಾಹಿತಿಯ ಸುಗ್ಗಿ ಇದ್ದಲ್ಲಿ ಗಮನಕ್ಕೆ ಬರಗಾಲ ಎಂಬ ಅರ್ಥದ ಮಾತನ್ನು ಹೇಳಿದರು.

ದೂರದ ಪಂಡಿತರನ್ನು ಬಿಡೋಣ. ಕಾತ್ರಜದಲ್ಲೇ ಇದಕ್ಕೊಂದು ಕಲ್ಲಿನ ಪಾಠವಿದೆ. ರಾಜೀವ್ ಗಾಂಧಿ ಪ್ರಾಣಿಸಂಗ್ರಹಾಲಯಕ್ಕೆ ಹೋದಾಗ ಹುಲಿ-ಹಾವುಗಳ ಜೊತೆಗೆ ಅಲ್ಲಿಯ ಕೆರೆಯನ್ನೂ ನೋಡಿರುತ್ತೀರಿ. ಬೆಳೆಯುತ್ತಿದ್ದ ಪುಣೆಗೆ ನೀರು ಬೇಕೆಂದು ನಾನಾಸಾಹೇಬ ಪೇಶ್ವೆಯವರು ಸುಮಾರು 1750ರ ಹೊತ್ತಿಗೆ ಕಟ್ಟಿಸಿದ ವ್ಯವಸ್ಥೆಯ ಭಾಗ ಅದು. ಪಂಪು ಇಲ್ಲ, ವಿದ್ಯುತ್ ಇಲ್ಲ; ಬರಿಯ ಇಳಿಜಾರಿನ ಬಲದಿಂದ ನೀರು ಕಾತ್ರಜದಿಂದ ಶನಿವಾರವಾಡೆಯವರೆಗೆ ನೆಲದೊಳಗಿನ ಕಾಲುವೆಯಲ್ಲಿ ಹರಿಯುತ್ತಿತ್ತು. ಒಬ್ಬ ಆಳು ಒಳಗೆ ನಡೆದುಹೋಗುವಷ್ಟು ಎತ್ತರದ ಕಾಲುವೆ ಅದು. ಇಲ್ಲಿ ಕೆರೆಗಳು ಎರಡು ಎಂಬುದನ್ನು ಗಮನಿಸಿ. ಬೆಟ್ಟದ ಮಳೆನೀರು ಮೊದಲು ಮೇಲಿನ ಕೆರೆಯಲ್ಲಿ ನಿಂತು, ಹೂಳು ತಳಕ್ಕಿಳಿದ ಮೇಲೆ ಕೆಳಗಿನ ಕೆರೆಗೆ ಬರುತ್ತಿತ್ತು. ಅಲ್ಲಿಂದ ಮುಂದೆ ಕಾಲುವೆಗೆ. ಕಾಲುವೆಯ ಉದ್ದಕ್ಕೂ ಅಲ್ಲಲ್ಲಿ ಗಾಳಿ ಹೊರಹೋಗಲು, ಕೆಸರು ತೆಗೆಯಲು ಗೋಪುರದಂಥ ಕಿಂಡಿಗಳನ್ನಿಟ್ಟಿದ್ದರು. ಅವಕ್ಕೆ ಮರಾಠಿಯಲ್ಲಿ ‘ಉಚ್ಛ್ವಾಸ’ ಎಂದು ಹೆಸರು. ಎಂಥ ಸೊಗಸಾದ ಹೆಸರು ನೋಡಿ! ಕೊನೆಗೆ ಪೇಟೆ ಪೇಟೆಗಳಲ್ಲಿ ಹೌದುಗಳು. ಜನ ಕೊಡ ತಂದು ಬೇಕಾದಷ್ಟು ತುಂಬಿಕೊಳ್ಳುತ್ತಿದ್ದರು.

ಬೆಟ್ಟದ ಮಳೆನೀರನ್ನು ನೇರವಾಗಿ ಮನೆಯ ಬಾಗಿಲಿಗೆ ಹರಿಸುವ ಹುಚ್ಚು ಕೆಲಸ ಆ ಕಾಲದವರು ಮಾಡಲಿಲ್ಲ. ನಾವು ಮಾತ್ರ ಮೊಬೈಲಿನಲ್ಲಿ ಮಾಡಿಕೊಂಡಿರುವುದು ಅದನ್ನೇ. ಕೆರೆಯಿಂದ ಬೇಕಾದಾಗ ಬೇಕಾದಷ್ಟೇ ನೀರು ಬಿಡುವ ಬಾಗಿಲಿಗೆ ಕನ್ನಡದಲ್ಲಿ ತೂಬು ಎನ್ನುತ್ತಾರೆ. ಮೊಬೈಲ್ ಕಂಪನಿಗಳು ತೂಬನ್ನು ಕೊಟ್ಟೇ ಇರುತ್ತವೆ, ಆದರೆ ಪೂರ್ತಿ ತೆರೆದಿಟ್ಟು ಕೊಡುತ್ತವೆ. ಮುಚ್ಚುವ ಕೆಲಸ ನಮ್ಮದು.

ಹೇಗೆ ಎನ್ನುತ್ತೀರಾ? ಒಂದು ರವಿವಾರ ಅರ್ಧ ಗಂಟೆ ಕುಳಿತು ಎಲ್ಲ ನೋಟಿಫಿಕೇಶನ್ನುಗಳನ್ನು ಬಂದ್ ಮಾಡಿ, ನಂತರ ಒಂದೊಂದಾಗಿ ಮರಳಿ ತೆರೆಯಿರಿ. ಫೋನ್ ಕರೆ, ಮನೆಯವರ ಸಂದೇಶ, ಬ್ಯಾಂಕಿನ ಸಂದೇಶ, ಕಚೇರಿಯ ಒಂದೇ ಒಂದು ಗುಂಪು. ಇದಕ್ಕಿಂತ ಹೆಚ್ಚು ತೆರೆಯಬೇಕೆನಿಸಿದರೆ ಒಂದು ವಾರ ತಡೆದು ನೋಡಿ. ಬಹುತೇಕ ಆ ಆಸೆ ತಾನೇ ಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ನಿಮ್ಮನ್ನು ಯಾರು ಗುಂಪಿಗೆ ಸೇರಿಸಬಹುದೆಂದು ನೀವೇ ನಿರ್ಧರಿಸುವ ಸೌಲಭ್ಯ 2019ರಿಂದ ಇದೆ. ಗೊತ್ತಿಲ್ಲದವರ ಕರೆಗಳನ್ನು ಸದ್ದಿಲ್ಲದಂತೆ ಮಾಡುವ ಸೌಲಭ್ಯ 2023ರಲ್ಲಿ ಬಂತು. ಗದ್ದಲದ ಗುಂಪುಗಳನ್ನು ಆರ್ಕೈವ್ ಮಾಡಿದರೆ ಅವು ಕಣ್ಣಮುಂದಿನಿಂದ ಸರಿಯುತ್ತವೆ. ಗುಂಪು ಬಿಟ್ಟಂತೆ ಆಗುವುದಿಲ್ಲ, ಯಾರಿಗೂ ತಿಳಿಯುವುದೂ ಇಲ್ಲ. ಮನೆತನದ ಗುಂಪನ್ನು ಬಿಟ್ಟು ಹೊರಟರೆ ಎಷ್ಟು ಮದುವೆ-ಮುಂಜಿವೆಗಳಲ್ಲಿ ಉತ್ತರ ಕೊಡುತ್ತ ಕೂರಬೇಕಾಗುತ್ತದೆಂದು ಬಲ್ಲವರೇ ಬಲ್ಲರು! ಆರ್ಕೈವ್ ಮಾಡಿ, ರಾತ್ರಿ ಊಟದ ನಂತರ ಒಮ್ಮೆ ತೆರೆದು ನೋಡಿ. ಮಾರಾಟದ ಕರೆಗಳ ಕಾಟವಿದ್ದರೆ 1909ಕ್ಕೆ ನೋಂದಾಯಿಸಿ ತಡೆಯಬಹುದು.

ಕಚೇರಿಯ ಮಾತು ಸ್ವಲ್ಪ ಬೇರೆ. ಪುಣೆಯಲ್ಲಿ ರಾತ್ರಿ ಎಂಟಾದಾಗ ನ್ಯೂಯಾರ್ಕಿನಲ್ಲಿ ಬೆಳಗಿನ ಕೆಲಸ ಆಗ ತಾನೇ ಶುರುವಾಗಿರುತ್ತದೆ. ಆದ್ದರಿಂದ ಕಚೇರಿ ಮುಚ್ಚಿದರೂ ಕಚೇರಿಯ ಗುಂಪು ಮುಚ್ಚುವುದಿಲ್ಲ. ಕೆಲಸದ ವೇಳೆ ಮುಗಿದ ಮೇಲೆ ಸಂದೇಶಕ್ಕೆ ಉತ್ತರಿಸದಿರುವ ಹಕ್ಕು ಫ್ರಾನ್ಸಿನಲ್ಲಿ 2017ರಿಂದ ಕಾನೂನಿನಲ್ಲಿದೆ. ಆಸ್ಟ್ರೇಲಿಯಾದಲ್ಲಿ 2024ರಲ್ಲಿ ಜಾರಿಗೆ ಬಂತು. ನಮ್ಮಲ್ಲಿ ಬಾರಾಮತಿಯ ಸಂಸದೆ ಸುಪ್ರಿಯಾ ಸುಳೆಯವರು 2018ರ ಡಿಸೆಂಬರಿನಲ್ಲಿ ಇಂಥದೇ ಖಾಸಗಿ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದ್ದರು. ಅದು ಕಾನೂನಾಗಲಿಲ್ಲ. ಕಾನೂನಿಗೆ ಕಾಯ್ದು ಕೂಡುವುದಕ್ಕಿಂತ ತಂಡದ ಮುಖ್ಯಸ್ಥರೊಡನೆ ಒಮ್ಮೆ ಬಾಯಿಬಿಟ್ಟು ಮಾತಾಡುವುದು ಒಳ್ಳೆಯದು: ‘ರಾತ್ರಿ ಒಂಬತ್ತರ ನಂತರ ಸಂದೇಶ ನೋಡುವುದಿಲ್ಲ, ನಿಜವಾಗಿ ತುರ್ತಿದ್ದರೆ ಫೋನು ಮಾಡಿ.’ ಹೀಗೆ ಹೇಳಿದ ಮೇಲೆ ಸಂದೇಶ ಕಳಿಸುವವರೂ ಇದು ಫೋನು ಮಾಡುವಷ್ಟು ದೊಡ್ಡದೇ ಎಂದು ಒಂದು ಕ್ಷಣ ಯೋಚಿಸುತ್ತಾರೆ. ಹೇಳಲು ಸಂಕೋಚವೆಂದರೆ, ಆ ಸಂಕೋಚಕ್ಕೆ ತೆರುವ ಬೆಲೆ ನಿಮ್ಮ ನಿದ್ರೆ.

ಇನ್ನು ಕೆಲಸದ ಖಾತೆ, ಸ್ವಂತದ ಖಾತೆ ಬೇರೆ ಬೇರೆ ಇರಲಿ. ಒಂದೇ ಮೊಬೈಲಿನಲ್ಲಿ ಎರಡು ವಾಟ್ಸ್‌ಆ್ಯಪ್ ಖಾತೆ ಇಟ್ಟುಕೊಳ್ಳುವ ಅನುಕೂಲ ಆಂಡ್ರಾಯ್ಡ್ ಫೋನುಗಳಿಗೆ 2023ರಲ್ಲೇ ಬಂದಿದೆ. ಮನೆಯಲ್ಲೇ ಹೋಳಿಗೆ, ಚಟ್ನಿಪುಡಿ ಮಾಡಿ ಮಾರುವ ನಮ್ಮ ಅಕ್ಕ-ತಂಗಿಯರಿಗೆ 2018ರಲ್ಲಿ ಬಂದ ಬಿಸಿನೆಸ್ ವಾಟ್ಸ್‌ಆ್ಯಪ್ ಬಹಳ ಉಪಯೋಗ. ಗಿರಾಕಿಗಳಿಗೆ ಅಂಗಡಿಯ ವೇಳೆ ಅದೇ ತಿಳಿಸುತ್ತದೆ, ಮಧ್ಯರಾತ್ರಿ ನೀವು ಉತ್ತರಿಸಬೇಕಿಲ್ಲ.

ಈಗ ನಮ್ಮ ಸಂಘ-ಸಂಸ್ಥೆಗಳ ಮಾತಿಗೆ ಬರೋಣ. ಎಲ್ಲ ಕನ್ನಡ ಸಂಘಗಳಲ್ಲೂ ನಡೆಯುವ ಕಥೆ ಇದು. ಸಭೆಯಲ್ಲಿ ಹಿರಿಯರೊಬ್ಬರು ‘ಫೇಸ್‌ಬುಕ್ಕು-ಗೀಸ್‌ಬುಕ್ಕು ಎಲ್ಲ ನಿಮ್ಮ ಹುಡುಗರ ಕೆಲಸ’ ಎಂದು ಒಬ್ಬ ಹುಡುಗನ ಹೆಗಲಿಗೆ ಹೊರಿಸುತ್ತಾರೆ. ಆತ ಉತ್ಸಾಹದಿಂದ ತನ್ನ ಸ್ವಂತ ಇ-ಮೇಲಿನಲ್ಲಿ, ತನ್ನ ಮೊಬೈಲ್ ನಂಬರಿನಲ್ಲಿ ಖಾತೆ ತೆರೆಯುತ್ತಾನೆ. ಎರಡು ವರ್ಷ ಚೆನ್ನಾಗಿ ನಡೆಯುತ್ತದೆ. ಆತನಿಗೆ ಹೊರದೇಶದಲ್ಲಿ ಕೆಲಸ ಸಿಗುತ್ತದೆ, ನಂಬರು ಬದಲಾಗುತ್ತದೆ, ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ಐದು ವರ್ಷಗಳ ನಾಟಕದ, ಗಣೇಶೋತ್ಸವದ ಚಿತ್ರಗಳು ಯಾರ ಕೈಗೂ ಸಿಗದೆ ಅಲ್ಲೇ ನಿಲ್ಲುತ್ತವೆ. ಸಂಘ ಎರಡನೆಯ ಪುಟ ತೆರೆಯುತ್ತದೆ. ಹೀಗೆ ಒಂದೇ ಸಂಘಕ್ಕೆ ಮೂರು ಪುಟಗಳಿರುವುದನ್ನು ನಾನು ಕಂಡಿದ್ದೇನೆ, ಮೂರರಲ್ಲಿ ಎರಡಕ್ಕೆ ವಾರಸುದಾರರೇ ಇಲ್ಲ!

ಇದಕ್ಕೆ ಪರಿಹಾರ ಅತಿ ಸುಲಭ. ಸಂಘದ ಹೆಸರಿನಲ್ಲೇ ಒಂದು ಇ-ಮೇಲ್, ಸಂಘದ ಹೆಸರಿನಲ್ಲೇ ಒಂದು ಸಿಮ್. ಪ್ರತಿ ಪುಟಕ್ಕೂ ಕನಿಷ್ಠ ಇಬ್ಬರು ಅಡ್ಮಿನ್‌ಗಳು, ಸಾಧ್ಯವಾದರೆ ಒಬ್ಬರು ಹಿರಿಯರು. ಎರಡು ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡಿನ ಜೊತೆಗೆ ಇನ್ನೊಂದು ಪಿನ್ ಅಥವಾ ಕೋಡ್, ಕಡ್ಡಾಯ. ಯಾವ ಖಾತೆ, ಯಾವ ನಂಬರು, ಯಾರು ಅಡ್ಮಿನ್ ಎಂಬುದನ್ನು ಕಾಗದದ ಮೇಲೆ ಬರೆದು, ಕಾರ್ಯದರ್ಶಿಯವರು ಬ್ಯಾಂಕಿನ ಪಾಸ್‌ಬುಕ್ ಇಡುವ ಕಪಾಟಿನಲ್ಲೇ ಇಡಬೇಕು. ಹೊಸ ಕಾರ್ಯಕಾರಿ ಸಮಿತಿಗೆ ಲೆಕ್ಕಪತ್ರದೊಡನೆ ಇದನ್ನೂ ಒಪ್ಪಿಸಬೇಕು. ಮೊಬೈಲಿಗೆ ಬಂದ ಓಟಿಪಿಯನ್ನು ‘ನಾನು ಅಧ್ಯಕ್ಷ’ ಎಂದು ಯಾರಾದರೂ ಸಂದೇಶದಲ್ಲಿ ಕೇಳಿದರೂ ಕೊಡಬಾರದು. ಅಧ್ಯಕ್ಷರಿಗೇ ಫೋನು ಮಾಡಿ ಕೇಳಿ. ಮೋಸದಿಂದ ಹಣ ಹೋಯಿತೆಂದರೆ ನಾಚಿಕೆಪಡುತ್ತ ಕೂಡದೆ ತಕ್ಷಣ 1930ಕ್ಕೆ ಕರೆ ಮಾಡಿ. ಇಲ್ಲಿ ಕಳೆದ ಪ್ರತಿ ಗಂಟೆಗೂ ಹಣ ದೂರ ಹೋಗುತ್ತಿರುತ್ತದೆ.

ಇಷ್ಟೆಲ್ಲ ಬರಿಯ ಅನುಕೂಲ-ಅನಾನುಕೂಲದ ಮಾತಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಸೋಸದೆ ಹರಿಸಿದ ಸುದ್ದಿಯಿಂದ ಏನಾಗಬಹುದೆಂದು ನಮ್ಮ ಎರಡೂ ರಾಜ್ಯಗಳು ಕಂಡಿವೆ. 2012ರ ಆಗಸ್ಟಿನಲ್ಲಿ ಇದೇ ಪುಣೆಯಲ್ಲಿ ಈಶಾನ್ಯ ರಾಜ್ಯಗಳ ಕೆಲವರ ಮೇಲೆ ಹಲ್ಲೆಗಳಾದವು. ಅದರ ಬೆನ್ನಿಗೆ ಎಸ್‌ಎಂಎಸ್‌ಗಳಲ್ಲಿ ಹಬ್ಬಿದ ಗಾಳಿಮಾತಿಗೆ ಹೆದರಿ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಕೇಂದ್ರ ಸರ್ಕಾರ ಹದಿನೈದು ದಿನಗಳ ಮಟ್ಟಿಗೆ ಒಮ್ಮೆಗೆ ಐದಕ್ಕಿಂತ ಹೆಚ್ಚು ಜನರಿಗೆ ಎಸ್‌ಎಂಎಸ್ ಕಳಿಸುವುದನ್ನೇ ತಡೆಯಬೇಕಾಯಿತು. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನಪಾಡಾ ಎಂಬ ಹಳ್ಳಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿಯನ್ನು ನಂಬಿದ ಗುಂಪು ಐವರು ಅಲೆಮಾರಿಗಳನ್ನು ಹೊಡೆದು ಕೊಂದಿತು. ಅವರಲ್ಲಿ ಹೆಚ್ಚಿನವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ ಕಡೆಯವರು. ಬಸವಣ್ಣನವರ ನೆನಪಿರುವ ಊರು ಅದು. ಎರಡು ವಾರಗಳೊಳಗೆ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಅಂಥದೇ ವದಂತಿಗೆ ಹೈದರಾಬಾದಿನ ಯುವಕನೊಬ್ಬ ಬಲಿಯಾದ. ಆ ತಿಂಗಳಲ್ಲೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡದಂತೆ ಮಿತಿ ತಂದಿತು. 2020ರಿಂದ, ಬಹಳ ಕೈ ದಾಟಿ ಬಂದ ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದು.

ಪುಣೆಯ ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆಯಿದೆ. 2022ರ ಡಿಸೆಂಬರ್ 6ರಂದು ಬೆಳಗಾವಿ ಬಳಿಯ ಹಿರೇಬಾಗೇವಾಡಿ ಟೋಲ್ ನಾಕೆಯಲ್ಲಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದವು. ಅದೇ ದಿನ ಸ್ವಾರ್‌ಗೇಟಿನಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. 2025ರ ಫೆಬ್ರವರಿಯಲ್ಲಿ ಬೆಳಗಾವಿಯಲ್ಲಿ ಬಸ್ ಕಂಡಕ್ಟರರೊಬ್ಬರ ಮೇಲೆ ಹಲ್ಲೆಯಾದಾಗಲೂ ಎರಡು ರಾಜ್ಯಗಳ ನಡುವಿನ ಬಸ್ ಸಂಚಾರ ಕೆಟ್ಟಿತು. ಇಂಥ ಸಂಜೆಗಳಲ್ಲಿ ಕನ್ನಡದ ಗುಂಪಿಗೆ ಒಂದು ವಿಡಿಯೊ, ಮರಾಠಿಯ ಗುಂಪಿಗೆ ಇನ್ನೊಂದು ವಿಡಿಯೊ ಬರುತ್ತದೆ. ಯಾವುದೋ ವರ್ಷದ್ದು, ಯಾವುದೋ ಊರಿನದು. ಎರಡೂ ಗುಂಪುಗಳಲ್ಲಿರುವವರು ನೀವು. ಕೆಳಗಿನ ಮನೆಯ ಮರಾಠಿ ಕಾಕೂ ಏನು ನೋಡುತ್ತಿದ್ದಾರೆ, ಧಾರವಾಡದ ದೊಡ್ಡಪ್ಪ ಏನು ನೋಡುತ್ತಿದ್ದಾರೆ ಎರಡೂ ನಿಮಗೆ ಗೊತ್ತು. ನಿಮ್ಮ ಪ್ರಾಯದ ಈ ಎರಡು ಭಾಷೆಯ ಬಲ ನಿಮ್ಮ ತಂದೆಯವರಿಗೂ ಇಷ್ಟಿರಲಿಲ್ಲ.

ಒಂದು ಮಾತು ಮಾತ್ರ ಸ್ಪಷ್ಟವಾಗಿ ಹೇಳಬೇಕು. ನಿಮ್ಮಲ್ಲಿ ಅನೇಕರಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. (ಈ ಲೇಖನವನ್ನೇ ಅಮ್ಮನಿಂದ ಓದಿಸಿಕೊಂಡು ಕೇಳುತ್ತಿರುವವರೂ ಇದ್ದೀರಿ, ಸಂತೋಷ!) ಓದಲಾಗದ ಕನ್ನಡ ಸಂದೇಶವನ್ನು ‘ಊರಿನಿಂದ ಬಂದದ್ದು’ ಎಂಬ ವಿಶ್ವಾಸದಿಂದ ಮುಂದೆ ತಳ್ಳಬೇಡಿ. ಒಂದು ರಾತ್ರಿ ತಡೆಯಿರಿ. ಅಷ್ಟರಲ್ಲಿ ಹೂಳು ತಳಕ್ಕಿಳಿದಿರುತ್ತದೆ. ಬೆಳಗಿನ ಪತ್ರಿಕೆಯಲ್ಲಿ ಆ ಸುದ್ದಿ ಇದೆಯೇ ಇಲ್ಲವೇ ತಿಳಿಯುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ವಿಡಿಯೊ ಬರುವ ಮೊದಲೇ ಹುಟ್ಟಿದ್ದು ಆಶ್ಚರ್ಯವೇ ಸರಿ.

ಮತ್ತೆ, ಸುಳ್ಳು ಸುದ್ದಿ ಕಳಿಸಿದವರು ಮನೆಯ ಹಿರಿಯರೇ ಆಗಿದ್ದರೆ? ಎಲ್ಲರೆದುರು ಗುಂಪಿನಲ್ಲೇ ‘ಇದು ಫೇಕ್’ ಎಂದು ಇಂಗ್ಲಿಷಿನಲ್ಲಿ ಬರೆದುಬಿಟ್ಟರೆ ಅವರಿಗೆ ಅವಮಾನವಾಗುತ್ತದೆ, ಸುಳ್ಳು ಇನ್ನಷ್ಟು ಗಟ್ಟಿಯಾಗುತ್ತದೆ. ಅವರಿಗಷ್ಟೇ ಫೋನು ಮಾಡಿ. ‘ಕಾಕಾ, ನೀವು ಕಳಿಸಿದ ಆ ವಿಡಿಯೊ ಮೂರು ವರ್ಷದ ಹಿಂದಿನದು, ಇಲ್ಲಿ ನಾವೆಲ್ಲ ಅರಾಮ ಇದ್ದೇವೆ. ಗುಂಪಿನಲ್ಲಿ ನೀವೇ ಒಂದು ಮಾತು ಹಾಕ್ರಿ’ ಎನ್ನಿ. ಕಾಕಾ ತಾವೇ ಹಾಕುತ್ತಾರೆ. ಮುಂದಿನ ಸಲ ಕಳಿಸುವ ಮೊದಲು ನಿಮಗೇ ಫೋನು ಮಾಡಿ, ‘ಅಲ್ಲೋ, ಪುಣೆದಾಗ ಹಿಂಗಾಗೇದಂತ, ಖರೇ ಏನು?’ ಎಂದು ಕೇಳುತ್ತಾರೆ.